ಯಾರೊಡನೆ ಹೋಲಿಸಿ ಹೇಳುತ್ತೀರಿ? ಮನಸ್ಸಿನ ಅಸಹಜತೆ: ವ್ಯಾಖ್ಯೆ ಮತ್ತು ಸಂಶೋಧನಾ ವಿಧಾನ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಒಬ್ಬ ವ್ಯಕ್ತಿಯ ಮನಸ್ಸನ್ನು ಕುರಿತು ‘ಇದು ಸಹಜವಲ್ಲ’ ಎಂದು ಹೇಳುವುದು ಸಣ್ಣ ಮಾತಲ್ಲ. ಆ ಒಂದು ಮಾತಿನಿಂದ ಒಬ್ಬರಿಗೆ ಚಿಕಿತ್ಸೆ ಸಿಗುತ್ತದೆ, ಮರಳಿ ಬದುಕು ಸಿಗುತ್ತದೆ. ಇನ್ನೊಬ್ಬರಿಗೆ ಅದೇ ಮಾತಿನಿಂದ ಮದುವೆ ಮುರಿಯುತ್ತದೆ, ಕೆಲಸ ಹೋಗುತ್ತದೆ, ಬಾಡಿಗೆಗೆ ಮನೆ ಸಿಗದಂತಾಗುತ್ತದೆ. ಇಷ್ಟು ಭಾರದ ಮಾತನ್ನು ಆಡುವವರು ಯಾವ ಆಧಾರದ ಮೇಲೆ ಆಡುತ್ತಾರೆ, ಆ ಆಧಾರ ಗಟ್ಟಿಯೋ ಟೊಳ್ಳೋ ಎಂದು ಪರೀಕ್ಷಿಸುವುದು ಹೇಗೆ ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಲು ಬಂದಿದ್ದೇನೆ.

ಅಸಹಜ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ವ್ಯಾಖ್ಯೆ ಒಂದು ಅಧ್ಯಾಯ, ಸಂಶೋಧನಾ ವಿಧಾನ ಇನ್ನೊಂದು ಅಧ್ಯಾಯ. ವಿದ್ಯಾರ್ಥಿಗಳು ಮೊದಲನೆಯದನ್ನು ಆಸಕ್ತಿಯಿಂದ ಓದುತ್ತಾರೆ, ಎರಡನೆಯದನ್ನು ಅಂಕಗಳಿಗಾಗಿ ಓದುತ್ತಾರೆ. ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ ಎಂಬುದೇ ನನ್ನ ವಾದ. ವಿಧಾನ ಕೆಟ್ಟಾಗಲೆಲ್ಲ ವ್ಯಾಖ್ಯೆಯೂ ಕೆಟ್ಟಿದೆ. ಆರೋಗ್ಯವಂತರು ರೋಗಿಗಳೆನಿಸಿಕೊಂಡಿದ್ದಾರೆ, ತಾಯಂದಿರು ಮಕ್ಕಳ ಕಾಯಿಲೆಗೆ ಹೊಣೆ ಹೊತ್ತಿದ್ದಾರೆ, ಉಪಯೋಗವಿಲ್ಲದ ಚಿಕಿತ್ಸೆಗೆ ರೋಗಿಗಳು ಪ್ರಾಣ ತೆತ್ತಿದ್ದಾರೆ. ತಪ್ಪು ತಿದ್ದಿಕೊಂಡಾಗಲೆಲ್ಲ ಅದನ್ನು ತಿದ್ದಿದ್ದು ಒಂದೇ ಬಗೆಯ ಪ್ರಶ್ನೆ: ನೀವು ಇದನ್ನು ಯಾರೊಡನೆ, ಯಾವುದರೊಡನೆ ಹೋಲಿಸಿ ಹೇಳುತ್ತೀರಿ?

ಅಳತೆಗೋಲುಗಳು

ಅಸಹಜತೆಯನ್ನು ಗುರುತಿಸಲು ಬಳಸುವ ಮುಖ್ಯ ಅಳತೆಗಳು ನಾಲ್ಕೈದು. ಪ್ರತಿಯೊಂದರಲ್ಲೂ ಸತ್ಯವಿದೆ, ಯಾವುದೊಂದೂ ಸಾಲದು.

ಮೊದಲನೆಯದು ವಿರಳತೆ. ಹೆಚ್ಚಿನವರಲ್ಲಿ ಕಾಣದ್ದು ಅಸಹಜ ಎನ್ನುವುದು ಈ ಅಳತೆ. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಸರಾಸರಿ ಅಂಕ 100. 70ಕ್ಕಿಂತ ಕೆಳಗಿರುವವರು ನೂರಕ್ಕೆ ಸುಮಾರು ಇಬ್ಬರು, 130ಕ್ಕಿಂತ ಮೇಲಿರುವವರೂ ಸುಮಾರು ಅಷ್ಟೇ. ಎರಡು ಗುಂಪೂ ಸಮಾನವಾಗಿ ವಿರಳ. ಆದರೆ ನೆರವು ಬೇಕಾಗುವುದು ಸಾಮಾನ್ಯವಾಗಿ ಮೊದಲ ಗುಂಪಿಗೆ. ಇನ್ನೊಂದು ಕಡೆ, ಖಿನ್ನತೆಯಂಥ ಕಾಯಿಲೆ ಲಕ್ಷಾಂತರ ಮಂದಿಯಲ್ಲಿದೆ. ಬಹಳ ಜನಕ್ಕೆ ಇದೆ ಎಂಬ ಕಾರಣಕ್ಕೆ ಅದು ಆರೋಗ್ಯವಾಗಿಬಿಡುವುದಿಲ್ಲ. ಎಣಿಕೆಯೊಂದೇ ತೀರ್ಪು ಕೊಡಲಾರದು.

ಎರಡನೆಯದು ಸಮಾಜದ ರೂಢಿ. ಎಲ್ಲ ಅಳತೆಗಳಲ್ಲಿ ಹೆಚ್ಚು ಅಪಾಯಕಾರಿ ಇದೇ. 1851ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಒಡೆಯರಿಂದ ತಪ್ಪಿಸಿಕೊಂಡು ಓಡಿಹೋಗುವ ಗುಲಾಮರಿಗೆ ‘ಡ್ರಾಪೆಟೊಮೇನಿಯಾ’ ಎಂಬ ಮನೋರೋಗವಿದೆ ಎಂದು ಬರೆದ. ಸ್ವಾತಂತ್ರ್ಯದ ಬಯಕೆಯನ್ನೇ ಕಾಯಿಲೆಯಾಗಿಸಿದ. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ಟೀಕಿಸಿದವರಿಗೆ ‘ನಿಧಾನಗತಿಯ ಸ್ಕಿಜೋಫ್ರೇನಿಯಾ’ ಎಂಬ ಹೆಸರು ಹಚ್ಚಿ ಮಾನಸಿಕ ಆಸ್ಪತ್ರೆಗಳಲ್ಲಿ ಕೂಡಿಹಾಕಲಾಯಿತು. ಅಧಿಕಾರದಲ್ಲಿರುವವರ ಇಷ್ಟಾನಿಷ್ಟಗಳು ವೈದ್ಯಕೀಯದ ವೇಷ ತೊಟ್ಟರೆ ಎಂಥ ಅನ್ಯಾಯವಾಗುತ್ತದೆ ಎಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಮೂರನೆಯದು ಸಂಕಟ. ವ್ಯಕ್ತಿ ಸ್ವತಃ ನರಳುತ್ತಿದ್ದಾರೆಯೇ ಎಂಬುದು ಮಾನವೀಯವಾದ ಅಳತೆ. ಆದರೆ ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಲ್ಲಿ, ಆಸ್ತಿಯನ್ನೆಲ್ಲ ಕಳೆಯುತ್ತಿರುವವರಿಗೆ ಸಂಕಟವೇ ಇರದೆ ಅಪಾರ ಉಲ್ಲಾಸವಿರಬಹುದು. ಮಗನನ್ನು ಕಳೆದುಕೊಂಡ ತಾಯಿಗೆ ಹೇಳತೀರದ ಸಂಕಟವಿದೆ, ಆದರೆ ಆ ದುಃಖ ಕಾಯಿಲೆಯಲ್ಲ. ನಾಲ್ಕನೆಯದು ಕಾರ್ಯಹಾನಿ: ಊಟ, ನಿದ್ದೆ, ದುಡಿಮೆ, ಸಂಬಂಧಗಳು ಎಷ್ಟರಮಟ್ಟಿಗೆ ಕೆಟ್ಟಿವೆ ಎನ್ನುವುದು. ದಿನನಿತ್ಯದ ಚಿಕಿತ್ಸೆಯಲ್ಲಿ ಹೆಚ್ಚು ನೆರವಾಗುವುದು ಇದೇ. ಐದನೆಯದಾಗಿ ಅಪಾಯವನ್ನು ಸೇರಿಸುವುದುಂಟು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಮಂದಿ ಯಾರಿಗೂ ಅಪಾಯಕಾರಿಗಳಲ್ಲ. ಅವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು. ನಮ್ಮ ಸಿನಿಮಾಗಳು ಬಿಂಬಿಸಿದ್ದು ಇದಕ್ಕೆ ತದ್ವಿರುದ್ಧ.

1992ರಲ್ಲಿ ಜೆರೋಮ್ ವೇಕ್‌ಫೀಲ್ಡ್ ಎರಡು ಎಳೆಗಳನ್ನು ಜೋಡಿಸಿದರು. ಮನಸ್ಸಿನ ಯಾವುದೋ ಸಹಜ ವ್ಯವಸ್ಥೆ ತನ್ನ ಕೆಲಸ ಮಾಡದಂತಾಗಿರಬೇಕು, ಅದರಿಂದ ವ್ಯಕ್ತಿಗೆ ಹಾನಿಯೂ ಆಗುತ್ತಿರಬೇಕು. ಎರಡೂ ಇದ್ದಾಗಲೇ ಅದು ಕಾಯಿಲೆ ಎಂದರು. ವ್ಯವಸ್ಥೆ ಕೆಟ್ಟಿದೆಯೇ ಎಂಬುದು ವಿಜ್ಞಾನದ ಪ್ರಶ್ನೆ, ಹಾನಿ ಯಾವುದು ಎಂಬುದು ಮೌಲ್ಯದ ಪ್ರಶ್ನೆ. ವ್ಯಾಖ್ಯೆಯಲ್ಲಿ ಮೌಲ್ಯ ಬೆರೆತಿದೆ ಎಂದು ಒಪ್ಪಿಕೊಂಡಿದ್ದೇ ದೊಡ್ಡ ಪ್ರಾಮಾಣಿಕತೆ.

ನಮ್ಮ ದೇಶದ ಕಾನೂನು ಈ ಪಾಠವನ್ನು ಕಲಿತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ ಪ್ರಕಾರ, ಮಾನಸಿಕ ಕಾಯಿಲೆಯನ್ನು ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ವೈದ್ಯಕೀಯ ಮಾನದಂಡಗಳಂತೆಯೇ ನಿರ್ಧರಿಸಬೇಕು. ವ್ಯಕ್ತಿಯ ರಾಜಕೀಯ, ಆರ್ಥಿಕ, ಸಾಮಾಜಿಕ ಸ್ಥಾನದ ಮೇಲಾಗಲಿ, ಜನಾಂಗ ಧರ್ಮಗಳ ಮೇಲಾಗಲಿ, ಸಮುದಾಯದ ನೈತಿಕ ಸಾಂಸ್ಕೃತಿಕ ಮೌಲ್ಯಗಳಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣದ ಮೇಲಾಗಲಿ ನಿರ್ಧರಿಸುವಂತಿಲ್ಲ. ಹಿಂದೆ ಎಂದೋ ಆಸ್ಪತ್ರೆಯಲ್ಲಿದ್ದರು ಎಂಬುದಷ್ಟೇ ಇಂದು ಅವರನ್ನು ರೋಗಿ ಎನ್ನಲು ಆಧಾರವಾಗದು. ಮನೆಯವರ ಮಾತು ಮೀರಿ ಮದುವೆಯಾದ ಮಗಳಿಗೆ ‘ತಲೆ ಕೆಟ್ಟಿದೆ’ ಎನ್ನುವವರಿಗೆ ಈ ಕಲಂ ಓದಿ ಹೇಳಬೇಕು.

ಹೋಲಿಕೆಯಿಂದ ಬದಲಾದ ವ್ಯಾಖ್ಯೆ

ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ದಶಕಗಳ ಕಾಲ ಮನೋರೋಗಗಳ ಪಟ್ಟಿಯಲ್ಲಿ ಇಟ್ಟಿತ್ತು. ಅದಕ್ಕೆ ವೈದ್ಯರು ಕೊಡುತ್ತಿದ್ದ ಪುರಾವೆ ತಮ್ಮ ಅನುಭವ: ನಮ್ಮ ಬಳಿ ಬರುವ ಸಲಿಂಗಿಗಳೆಲ್ಲ ನೊಂದವರು, ಬಳಲಿದವರು ಎಂಬುದು. ಚಿಕಿತ್ಸೆಗೆ ಬಂದವರು, ಜೈಲಿನಲ್ಲಿದ್ದವರು, ಇವರನ್ನು ಬಿಟ್ಟು ಬೇರೆ ಯಾರನ್ನೂ ಅವರು ನೋಡಿರಲಿಲ್ಲ. ಆಸ್ಪತ್ರೆಗೆ ಬರುವ ಭಿನ್ನಲಿಂಗಿಗಳೂ ನೊಂದವರೇ ಅಲ್ಲವೇ ಎಂದು ಯಾರೂ ಕೇಳಿರಲಿಲ್ಲ.

ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಎವೆಲಿನ್ ಹೂಕರ್ ಕೇಳಿದರು. ಚಿಕಿತ್ಸೆಯಲ್ಲಿ ಇಲ್ಲದ 30 ಮಂದಿ ಸಲಿಂಗಿ ಪುರುಷರನ್ನೂ, ವಯಸ್ಸು, ವಿದ್ಯೆ, ಬುದ್ಧಿಮತ್ತೆಗಳಲ್ಲಿ ಅವರಿಗೆ ಸರಿಹೊಂದುವ 30 ಮಂದಿ ಭಿನ್ನಲಿಂಗಿ ಪುರುಷರನ್ನೂ ಕಲೆಹಾಕಿದರು. ಎಲ್ಲರಿಗೂ ಆ ಕಾಲದಲ್ಲಿ ಪ್ರಮಾಣವೆನಿಸಿದ್ದ ರೋರ್ಶಾಕ್ ಮೊದಲಾದ ವ್ಯಕ್ತಿತ್ವ ಪರೀಕ್ಷೆಗಳನ್ನು ಕೊಟ್ಟರು. ಉತ್ತರ ಪತ್ರಗಳಿಂದ ಗುರುತುಗಳನ್ನು ತೆಗೆದು, ಆ ಪರೀಕ್ಷೆಗಳಲ್ಲಿ ಹೆಸರಾಂತ ತಜ್ಞರ ಮುಂದಿಟ್ಟರು. ಯಾರು ಸಲಿಂಗಿ, ಯಾರು ಅಲ್ಲ ಎಂದು ತಜ್ಞರಿಗೆ ಹೇಳಲಾಗಲಿಲ್ಲ. ಮಾನಸಿಕ ಹೊಂದಾಣಿಕೆಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಈ ಅಧ್ಯಯನ 1957ರಲ್ಲಿ ಪ್ರಕಟವಾಯಿತು. 1973ರ ಡಿಸೆಂಬರ್‌ನಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಡಲು ತೀರ್ಮಾನಿಸಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು.

ಪಟ್ಟಿ ಬದಲಾದದ್ದು ಹೂಕರ್ ಒಬ್ಬರಿಂದಲ್ಲ. ಬೀದಿಗಿಳಿದು ಹೋರಾಡಿದವರ ಪಾಲು ಅದರಲ್ಲಿ ದೊಡ್ಡದು. ಆದರೆ ಆ ಹೋರಾಟದ ಕೈಗೆ ಪುರಾವೆ ಕೊಟ್ಟದ್ದು ವಿಧಾನ. ಸರಿಯಾದ ಹೋಲಿಕೆಯ ಗುಂಪು ಒಂದು, ಹೆಸರು ಕಾಣದಂತೆ ಮಾಡಿದ ಮೌಲ್ಯಮಾಪನ ಇನ್ನೊಂದು. ಈ ಎರಡು ಸರಳ ಕಟ್ಟುಪಾಡುಗಳು ವೈದ್ಯಲೋಕದ ದೀರ್ಘಕಾಲದ ನಂಬಿಕೆಯೊಂದನ್ನು ಅಲುಗಾಡಿಸಿದವು.

ಕೋಟದಲ್ಲಿ ಕೇಳಿದ ಪ್ರಶ್ನೆಗಳು

ಹೋಲಿಕೆ ಸರಿಯಾಗಬೇಕಾದರೆ ಕೇಳುವ ಪ್ರಶ್ನೆಯೂ ಸರಿಯಾಗಿರಬೇಕು. ಇದಕ್ಕೆ ನಮ್ಮ ಕರಾವಳಿಯೇ ದೊಡ್ಡ ಪಾಠಶಾಲೆಯಾಯಿತು. ಇಂದು ಉಡುಪಿ ಜಿಲ್ಲೆಗೆ ಸೇರಿದ, ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಮನೆಮನೆಯ ಅಧ್ಯಯನ ನಡೆಸಿದರು. ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಅವರ ಪುಸ್ತಕ 1976ರಲ್ಲಿ ಹೊರಬಂತು. ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳನ್ನು ಅವರು ಹೋಲಿಸಿ ನೋಡಿದರು. ಬಂಟರು ಮತ್ತು ಮೊಗೇರರದು ವಂಶ ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನದ ಪರಂಪರೆ, ಬ್ರಾಹ್ಮಣರದು ತಂದೆಯ ಕಡೆಯಿಂದ ಸಾಗುವ ಮಕ್ಕಳಸಂತಾನ. ಹಳೆಯ ಕುಟುಂಬ ಪದ್ಧತಿ ಬದಲಾಗುವಾಗ ಮನಸ್ಸಿನ ಮೇಲೆ ಯಾವ ಒತ್ತಡ ಬೀಳುತ್ತದೆ ಎಂಬುದು ಅವರ ಪ್ರಶ್ನೆಗಳಲ್ಲೊಂದು.

ಆ ಕೆಲಸದ ಬೆಲೆ ಇರುವುದು ಅದರ ಸಾಧನದಲ್ಲಿ. ಪಶ್ಚಿಮದ ಪ್ರಶ್ನಾವಳಿಯನ್ನು ಹಾಗೇ ಭಾಷಾಂತರಿಸಿ ಊರವರ ಮುಂದೆ ಹಿಡಿಯುವ ಬದಲು, ಕಪೂರ್, ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಭಾರತದ ಪರಿಸರಕ್ಕೆ ಹೊಂದುವ ಸಂದರ್ಶನ ಸೂಚಿಗಳನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಮನಸ್ಸು ಕುಗ್ಗಿದವರು ‘ನನಗೆ ಖಿನ್ನತೆ’ ಎಂದು ಬರುವುದು ಅಪರೂಪ. ಎದೆ ಢವಢವ ಅನ್ನುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ತಲೆಯೆಲ್ಲ ಭಾರ, ರಾತ್ರಿಯಿಡೀ ನಿದ್ದೆಯಿಲ್ಲ ಎಂದು ಬರುತ್ತಾರೆ. ಪ್ರಶ್ನಾವಳಿಯಲ್ಲಿ ಈ ಮಾತುಗಳಿಗೆ ಜಾಗವಿಲ್ಲದಿದ್ದರೆ ಅವರ ಸಂಕಟ ಲೆಕ್ಕಕ್ಕೇ ಬರುವುದಿಲ್ಲ.

ಕರಾವಳಿ ಇನ್ನೊಂದು ಕಠಿಣ ಪ್ರಶ್ನೆಯನ್ನೂ ಎದುರಿಗಿಡುತ್ತದೆ. ದೈವಸ್ಥಾನದಲ್ಲಿ ಪಾತ್ರಿಯ ಮೈಮೇಲೆ ದೈವ ಬರುತ್ತದೆ. ಅವನ ದನಿ ಬದಲಾಗುತ್ತದೆ, ಮೈ ನಡುಗುತ್ತದೆ, ಬಂದವರ ಕಷ್ಟಸುಖ ಕೇಳಿ ಅಭಯ ನೀಡುತ್ತಾನೆ. ಆವೇಶ ಇಳಿದ ಮೇಲೆ ಮನೆಗೆ ಹೋಗಿ ಮರುದಿನ ತನ್ನ ಕಸುಬಿಗೆ ಹೊರಡುತ್ತಾನೆ. ಅದೇ ಊರಿನ ಮತ್ತೊಂದು ಮನೆಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯ ಮೈಮೇಲೂ ಏನೋ ಬರುತ್ತದೆ. ಹೊತ್ತುಗೊತ್ತಿಲ್ಲದೆ, ಅವಳು ಬೇಡವೆಂದರೂ ಬರುತ್ತದೆ. ಅವಳು ಊಟ ಬಿಡುತ್ತಾಳೆ, ಹೆದರುತ್ತಾಳೆ, ಸೊರಗುತ್ತಾಳೆ. ಹೊರನೋಟಕ್ಕೆ ಎರಡೂ ಒಂದೇ. ಆದರೆ ಮೊದಲನೆಯದನ್ನು ಸಮುದಾಯ ಒಪ್ಪಿದೆ, ಅದಕ್ಕೆ ಕಾಲ ದೇಶ ಕಟ್ಟಳೆಗಳಿವೆ. ಎರಡನೆಯದರಲ್ಲಿ ಒಬ್ಬಳು ಜೀವ ಹಿಂಡಿಸಿಕೊಳ್ಳುತ್ತಿದ್ದಾಳೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗ ವರ್ಗೀಕರಣ ಈ ಭೇದವನ್ನು ಸ್ಪಷ್ಟವಾಗಿ ಮಾಡುತ್ತದೆ. ತಾನಾಗಿ ಬಯಸದ, ಒಪ್ಪಿತ ಧಾರ್ಮಿಕ ಆಚರಣೆಯ ಭಾಗವಲ್ಲದ, ಸಂಕಟ ಅಥವಾ ಕಾರ್ಯಹಾನಿ ತರುವ ಆವೇಶವನ್ನು ಮಾತ್ರ ಅದು ಕಾಯಿಲೆ ಎನ್ನುತ್ತದೆ. ಪಾತ್ರಿಯನ್ನು ಲಂಡನ್ನಿನ ಗುಮಾಸ್ತನೊಡನೆ ಹೋಲಿಸಿದರೆ ರೋಗಿಯಂತೆ ಕಂಡಾನು. ಅವನನ್ನು ಅವನ ಊರಿನೊಳಗೇ ಇಟ್ಟು ನೋಡಬೇಕು. ಹಾಗೆಂದು ಸಂಸ್ಕೃತಿಯ ಹೆಸರಿನಲ್ಲಿ ಆ ಹುಡುಗಿಯ ನರಳಾಟಕ್ಕೆ ಕಣ್ಣು ಮುಚ್ಚುವುದೂ ಸಲ್ಲ.

ಆಸ್ಪತ್ರೆಯ ಹೊರಗಿನ ಲೆಕ್ಕ

ಕಾಯಿಲೆ ಎಷ್ಟು ಜನಕ್ಕಿದೆ ಎಂದು ತಿಳಿಯಲು ಆಸ್ಪತ್ರೆಯ ನೋಂದಣಿ ಪುಸ್ತಕ ಸಾಲದು. ಆಸ್ಪತ್ರೆಗೆ ಬಂದವರು ಒಂದು ಬಗೆಯ ಆಯ್ಕೆ. ಕಾಯಿಲೆ ಹೆಚ್ಚು ಕಾಲ ಎಳೆದವರು, ಹಣ ಹೊಂದಿಸಬಲ್ಲವರು, ಕರೆದೊಯ್ಯುವ ನಂಟರಿರುವವರು ಅಲ್ಲಿಗೆ ತಲುಪುತ್ತಾರೆ. ಬೇಗ ಗುಣವಾದವರು ಮತ್ತೆ ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಅನುಭವಿ ವೈದ್ಯರಿಗೂ ಕಾಯಿಲೆ ಇರುವುದಕ್ಕಿಂತ ಹೆಚ್ಚು ಹಠಮಾರಿಯಾಗಿ ಕಾಣುತ್ತದೆ. ಜನಸಮೂಹದಿಂದ ಮಾದರಿ ಆರಿಸಿ ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆ ಬೇಕಾಗುವುದು ಇದಕ್ಕೇ.

ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಅಂಥದ್ದು. ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ನಡೆಸಿ ನೋಡಿದ ಬಳಿಕ 12 ರಾಜ್ಯಗಳಲ್ಲಿ 34,802 ವಯಸ್ಕರನ್ನು ಸಂದರ್ಶಿಸಲಾಯಿತು. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಇದಕ್ಕಿಂತ ಕಳವಳದ ಸಂಗತಿ, ಕಾಯಿಲೆಯ ಬಗೆಯನ್ನು ಅನುಸರಿಸಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆಸ್ಪತ್ರೆಯೊಳಗೆ ಕುಳಿತು ಬರೆದ ಯಾವ ಪ್ರಬಂಧವೂ ಈ ಸಂಖ್ಯೆಯನ್ನು ಕಾಣಿಸುತ್ತಿರಲಿಲ್ಲ, ಏಕೆಂದರೆ ಇವರು ಆಸ್ಪತ್ರೆಗೆ ಬಂದೇ ಇಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕನ್ನಡದಲ್ಲೇ ಕರೆಮಾಡಿ ಮಾತಾಡಬಹುದು ಎಂಬುದನ್ನು ಈ ಸಭೆಯಲ್ಲಿರುವ ಪ್ರತಿಯೊಬ್ಬರೂ ಹತ್ತು ಜನಕ್ಕೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಎಣಿಕೆಗೆ ಕಾಲದ ಆಯಾಮವೂ ಬೇಕು. ಒಂದು ದಿನ ಹೋಗಿ ಕೇಳಿದರೆ ಆ ದಿನದ ಚಿತ್ರ ಮಾತ್ರ ಸಿಗುತ್ತದೆ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಇಂದಿಗೂ ಹಿಂಬಾಲಿಸುತ್ತಿದ್ದಾರೆ. 2017ರಲ್ಲಿ ಪ್ರಕಟವಾದ ವರದಿಯಂತೆ, 11ನೇ ವಯಸ್ಸಿನಿಂದ 38ನೇ ವಯಸ್ಸಿನವರೆಗೆ ಯಾವ ಮಾನಸಿಕ ಕಾಯಿಲೆಗೂ ಒಳಪಡದವರು ಶೇ. 17ರಷ್ಟು ಮಾತ್ರ. ಉಳಿದವರೆಲ್ಲ ಬದುಕಿನ ಯಾವುದೋ ಒಂದು ತಿರುವಿನಲ್ಲಿ ಆ ಹಾದಿ ತುಳಿದವರೇ, ಅವರಲ್ಲಿ ಅನೇಕರು ಅಲ್ಪಕಾಲ ಮಾತ್ರ. ‘ನಾವು ಸರಿಯಾಗಿರುವವರು, ಅವರು ಹುಚ್ಚರು’ ಎಂಬ ಗೋಡೆಯನ್ನು ಕೆಡಹಲು ಇದಕ್ಕಿಂತ ಬಲವಾದ ಪುರಾವೆಯನ್ನು ನಾನು ಕಂಡಿಲ್ಲ.

ಕಾರಣ ಹುಡುಕುವ ದಾರಿ

ಕಾಯಿಲೆ ಏಕೆ ಬಂತು ಎಂಬ ಪ್ರಶ್ನೆಗೆ ಹಳೆಯ ದಾರಿ ಪ್ರಕರಣ ಅಧ್ಯಯನ. ಒಬ್ಬ ರೋಗಿಯ ಬದುಕನ್ನು ಆಳವಾಗಿ ಬಗೆದು ನೋಡುವುದು. ಫ್ರಾಯ್ಡ್ ಹಿಡಿದದ್ದು ಈ ದಾರಿಯನ್ನೇ. ವಿರಳ ಕಾಯಿಲೆಗಳಿಗೆ, ಹೊಸ ಊಹೆಗಳು ಹುಟ್ಟುವುದಕ್ಕೆ ಇದು ಅನಿವಾರ್ಯ. ಆದರೆ ಊಹೆ ಹುಟ್ಟುವ ಜಾಗದಲ್ಲೇ ತೀರ್ಪು ಬರೆದರೆ ಏನಾಗುತ್ತದೆ ಎಂಬುದನ್ನು ಸ್ಕಿಜೋಫ್ರೇನಿಯಾ ಇರುವವರ ತಾಯಂದಿರು ಬಲ್ಲರು.

1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ಮನೋವಿಶ್ಲೇಷಕಿ, ಮಗುವಿನಲ್ಲಿ ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ ಎಂಬ ಕಲ್ಪನೆಯನ್ನು ಬರಹಕ್ಕೆ ತಂದರು. ಒಲವಿಲ್ಲದ, ಅಧಿಕಾರ ಚಲಾಯಿಸುವ ತಾಯಿಯಿಂದ ಮಗು ಕಾಯಿಲೆ ಬೀಳುತ್ತದೆ ಎಂಬ ಮಾತು ಹತ್ತಾರು ವರ್ಷ ಓಡಾಡಿತು. ಮಗನ ಕಾಯಿಲೆಯ ಜೊತೆಗೆ ಅದನ್ನು ತಂದ ಪಾಪವನ್ನೂ ತಾಯಂದಿರು ಹೊತ್ತರು. ಅಂಥ ತಾಯಂದಿರ ಎಷ್ಟು ಮಕ್ಕಳು ಆರೋಗ್ಯವಾಗಿದ್ದಾರೆ, ಮಮತೆಯ ತಾಯಂದಿರ ಎಷ್ಟು ಮಕ್ಕಳಿಗೆ ಕಾಯಿಲೆ ಬಂದಿದೆ ಎಂದು ಎಣಿಸಿ ನೋಡಿದವರಿರಲಿಲ್ಲ. ಕಾಯಿಲೆ ಬಿದ್ದ ಮಗನನ್ನು ನೋಡಿಕೊಳ್ಳುತ್ತ ಬಳಲಿದ ತಾಯಿ ಬಿಗಿಯಾಗಿ ಕಾಣುವುದು ಕಾರಣವೋ ಪರಿಣಾಮವೋ ಎಂದು ಕೇಳಿದವರೂ ಕಡಿಮೆ.

1966ರಲ್ಲಿ ಲಿಯೊನಾರ್ಡ್ ಹೆಸ್ಟನ್ ಹೋಲಿಕೆಯನ್ನು ಒದಗಿಸಿದರು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ, ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ ಕೆಲವೇ ದಿನಗಳಲ್ಲಿ ಅವರಿಂದ ಬೇರೆಯಾಗಿ ಬೆಳೆದ 47 ಜನರನ್ನು ಅವರು ಹುಡುಕಿದರು. ಕಾಯಿಲೆ ಇಲ್ಲದ ತಾಯಂದಿರಿಗೆ ಹುಟ್ಟಿ ಅದೇ ರೀತಿ ಬೇರೆ ಕಡೆ ಬೆಳೆದ 50 ಜನರನ್ನು ಅವರ ಪಕ್ಕದಲ್ಲಿಟ್ಟರು. ಮೊದಲ ಗುಂಪಿನ ಐವರಲ್ಲಿ ಸ್ಕಿಜೋಫ್ರೇನಿಯಾ ಕಂಡಿತು, ಎರಡನೆಯ ಗುಂಪಿನಲ್ಲಿ ಒಬ್ಬರಲ್ಲೂ ಇಲ್ಲ. ತಾಯಿಯ ಕೈಯಲ್ಲಿ ಬೆಳೆಯದೆಯೂ ಕಾಯಿಲೆ ಬಂದಿದ್ದರಿಂದ, ಸಾಕಿದ ರೀತಿಯೇ ಕಾರಣ ಎಂಬ ವಾದ ನಿಲ್ಲಲಿಲ್ಲ. ಅನುವಂಶಿಕತೆಯೇ ಎಲ್ಲವೂ ಎಂದೂ ಇದರ ಅರ್ಥವಲ್ಲ. ಹಲವು ಅವಳಿ ಅಧ್ಯಯನಗಳನ್ನು ಒಟ್ಟುಗೂಡಿಸಿದ ಇರ್ವಿಂಗ್ ಗಾಟ್ಸ್‌ಮನ್ 1991ರಲ್ಲಿ ಕೊಟ್ಟ ಲೆಕ್ಕದಂತೆ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಬಂದರೆ ಇನ್ನೊಬ್ಬರಿಗೆ ಬರುವ ಸಂಭವ ಶೇ. 48. ಅಂದರೆ ಒಂದೇ ಅನುವಂಶಿಕತೆಯಿದ್ದೂ ಅರ್ಧಕ್ಕಿಂತ ಹೆಚ್ಚು ಮಂದಿ ಪಾರಾಗುತ್ತಾರೆ. ಹಾಗಾಗಿ ಬದುಕಿನ ಪರಿಸರಕ್ಕೂ ದೊಡ್ಡ ಪಾತ್ರವಿದೆ.

ಪರಿಸರದಲ್ಲಿ ಬಡತನವನ್ನು ತೆಗೆದುಕೊಳ್ಳಿ. ಬಡತನವಿರುವಲ್ಲಿ ಮಾನಸಿಕ ತೊಂದರೆ ಹೆಚ್ಚು ಎಂದು ಸಹಸಂಬಂಧ ತೋರಿಸುತ್ತದೆ. ಆದರೆ ಬಡತನದಿಂದ ಕಾಯಿಲೆಯೋ, ಕಾಯಿಲೆಯಿಂದ ದುಡಿಮೆ ತಪ್ಪಿ ಬಡತನವೋ, ಎರಡಕ್ಕೂ ಕಾರಣವಾದ ಮೂರನೆಯದೇನಾದರೂ ಇದೆಯೋ ಎಂಬುದನ್ನು ಸಹಸಂಬಂಧ ಹೇಳಲಾರದು. ಜನರನ್ನು ಬಡತನಕ್ಕೆ ತಳ್ಳಿ ಪ್ರಯೋಗ ಮಾಡುವಂತಿಲ್ಲ. ಕೆಲವೊಮ್ಮೆ ಲೋಕವೇ ಪ್ರಯೋಗವನ್ನು ನಡೆಸಿಕೊಡುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜೇನ್ ಕಾಸ್ಟೆಲೊ ಮತ್ತು ಸಂಗಡಿಗರು 1,420 ಮಕ್ಕಳನ್ನು ವರ್ಷ ವರ್ಷ ಗಮನಿಸುತ್ತಿದ್ದರು. ಆ ಮಕ್ಕಳಲ್ಲಿ ಕಾಲುಭಾಗ ಮೂಲನಿವಾಸಿಗಳು. ನಡುವೆ ಅವರ ಮೀಸಲು ಪ್ರದೇಶದಲ್ಲಿ ಕ್ಯಾಸಿನೊ ಆರಂಭವಾಗಿ, ಲಾಭದ ಪಾಲು ಮೂಲನಿವಾಸಿ ಕುಟುಂಬಗಳಿಗೆಲ್ಲ ಬರತೊಡಗಿತು. ಬಡತನದಿಂದ ಮೇಲೆದ್ದ ಮನೆಗಳ ಮಕ್ಕಳಲ್ಲಿ ಹಟ, ಜಗಳ, ಪುಂಡಾಟದ ಲಕ್ಷಣಗಳು ಎಂದೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಇಳಿದವು. ಆತಂಕ, ಖಿನ್ನತೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. 2003ರ ಈ ವರದಿ ಬಡತನದ ಬಗ್ಗೆ ಸಾರಾಸಗಟು ಮಾತನ್ನು ನಿಲ್ಲಿಸಿ, ಬಡತನ ಯಾವ ತೊಂದರೆಗೆ ಕಾರಣ, ಯಾವುದಕ್ಕೆ ಅಷ್ಟಾಗಿ ಅಲ್ಲ ಎಂದು ಬಿಡಿಸಿ ತೋರಿಸಿತು.

ಚಿಕಿತ್ಸೆಯ ಸತ್ಯಪರೀಕ್ಷೆ

ವಿಧಾನ ಜೀವ ಉಳಿಸುತ್ತದೆ ಎಂಬುದಕ್ಕೆ ಇನ್ಸುಲಿನ್ ಕೋಮಾ ಚಿಕಿತ್ಸೆಯ ಕಥೆ ಸಾಕ್ಷಿ. 1933ರ ಸುಮಾರಿಗೆ ಮ್ಯಾನ್‌ಫ್ರೆಡ್ ಸಾಕೆಲ್ ಪ್ರಚಾರಕ್ಕೆ ತಂದ ಈ ಚಿಕಿತ್ಸೆಯಲ್ಲಿ ರೋಗಿಗೆ ಇನ್ಸುಲಿನ್ ಚುಚ್ಚಿ, ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವಂತೆ ಮಾಡಿ, ಮತ್ತೆ ಗ್ಲೂಕೋಸ್ ಕೊಟ್ಟು ಎಬ್ಬಿಸುತ್ತಿದ್ದರು. ವಾರಗಟ್ಟಲೆ ಹೀಗೆ ನಡೆಯುತ್ತಿತ್ತು. ಕೆಲವರು ಏಳಲೇ ಇಲ್ಲ. ಬದುಕಿದವರಲ್ಲಿ ಅನೇಕರು ಚೇತರಿಸಿಕೊಂಡಂತೆ ಕಂಡದ್ದರಿಂದ ಜಗತ್ತಿನ ಆಸ್ಪತ್ರೆಗಳು ಇದನ್ನು ಅಪ್ಪಿಕೊಂಡವು. 1953ರಲ್ಲಿ ಹೆರಾಲ್ಡ್ ಬೋರ್ನ್ ಎಂಬ ಯುವ ವೈದ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಪ್ರಶ್ನಿಸಿದರು. ಗುಣವಾಗುವ ಸಾಧ್ಯತೆ ಇರುವವರನ್ನೇ ಆರಿಸಿ, ಅವರಿಗೆ ವಿಶೇಷ ಆರೈಕೆ ಕೊಟ್ಟು, ಫಲವನ್ನೆಲ್ಲ ಇನ್ಸುಲಿನ್ನಿನ ಲೆಕ್ಕಕ್ಕೆ ಬರೆಯುತ್ತಿದ್ದೀರಿ ಎಂಬುದು ಅವರ ಆಕ್ಷೇಪದ ಸಾರ. ಹಿರಿಯರು ಸಿಟ್ಟಾದರು. 1957ರಲ್ಲಿ ಆಕ್ನರ್, ಹ್ಯಾರಿಸ್, ಓಲ್ಡ್‌ಹ್ಯಾಮ್ ಪ್ರಯೋಗ ನಡೆಸಿ ವರದಿ ಮಾಡಿದರು. ಒಂದು ಗುಂಪಿಗೆ ಇನ್ಸುಲಿನ್ ಕೋಮಾ, ಇನ್ನೊಂದಕ್ಕೆ ಬಾರ್ಬಿಟ್ಯುರೇಟ್ ಔಷಧದಿಂದ ಬರಿಸಿದ ಪ್ರಜ್ಞಾಹೀನತೆ. ಉಳಿದ ಆರೈಕೆ ಎಲ್ಲ ಒಂದೇ. ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ. ಗುಣ ಕಂಡದ್ದು ಆರೈಕೆಯಿಂದ, ಭರವಸೆಯಿಂದ, ಕಾಲದಿಂದ. ಅಪಾಯ ಮಾತ್ರ ಇನ್ಸುಲಿನ್ನಿನದಾಗಿತ್ತು.

ಆ ಕಾಲದ ವೈದ್ಯರು ಕ್ರೂರಿಗಳಾಗಿರಲಿಲ್ಲ. ಬೇರೆ ದಾರಿಯಿಲ್ಲದಾಗ ಕೈಗೆ ಸಿಕ್ಕಿದ್ದನ್ನು ಒಳ್ಳೆಯ ಮನಸ್ಸಿನಿಂದಲೇ ಬಳಸಿದರು. ಒಳ್ಳೆಯ ಮನಸ್ಸು ಸಾಲದು ಎಂಬುದೇ ಇಲ್ಲಿ ಕಲಿಯಬೇಕಾದದ್ದು. ಇಂದು ಚಿಕಿತ್ಸೆಯೊಂದನ್ನು ಒಪ್ಪುವ ಮುನ್ನ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಬೇಕು, ಫಲವನ್ನು ಅಳೆಯುವವರಿಗೆ ಯಾರು ಯಾವ ಗುಂಪಿನವರೆಂದು ತಿಳಿಯದಂತಿರಬೇಕು ಎಂಬ ನಿಯಮಗಳ ಹಿಂದೆ ಈ ನೋವಿನ ಇತಿಹಾಸವಿದೆ.

ಇದೇ ವಿಧಾನ ಭರವಸೆಯನ್ನೂ ಸ್ಥಾಪಿಸಬಲ್ಲದು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸಾಕಷ್ಟು ತೀವ್ರವಾದ ಖಿನ್ನತೆಯಿದ್ದ 495 ಜನರನ್ನು ಹೀಗೆ ಎರಡು ಗುಂಪುಗಳಿಗೆ ಹಂಚಿದರು. ಒಂದು ಗುಂಪಿಗೆ ವೈದ್ಯರ ಎಂದಿನ ಆರೈಕೆಯ ಜೊತೆ, ತರಬೇತಿ ಪಡೆದ ಸ್ಥಳೀಯ ಸಾಮಾನ್ಯ ಜನರಿಂದ ಆಪ್ತಸಮಾಲೋಚನೆ ದೊರೆಯಿತು. ಮೂರು ತಿಂಗಳಲ್ಲಿ ಆ ಗುಂಪಿನ ಶೇ. 64ರಷ್ಟು ಮಂದಿ ಚೇತರಿಸಿಕೊಂಡರೆ, ಇನ್ನೊಂದರಲ್ಲಿ ಶೇ. 39. ಮನೋವೈದ್ಯರು ವಿರಳವಾಗಿರುವ ನಮ್ಮ ತಾಲ್ಲೂಕುಗಳಿಗೆ 2017ರ ಈ ಫಲಿತಾಂಶ ಬಹು ದೊಡ್ಡ ಸುದ್ದಿ.

ಎಲ್ಲೆಡೆಯೂ ಚೀಟಿ ಎತ್ತುವುದು ನ್ಯಾಯವಲ್ಲ. ಸ್ಕಿಜೋಫ್ರೇನಿಯಾಕ್ಕೆ ಔಷಧವಿದೆ ಎಂದು ಗೊತ್ತಿದ್ದೂ ಅರ್ಧ ಜನಕ್ಕೆ ಅದನ್ನು ತಡೆಹಿಡಿಯಲು ಯಾವ ನೀತಿಯೂ ಒಪ್ಪದು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಹಳ್ಳಿಗಳಲ್ಲಿದ್ದ ರೋಗಿಗಳನ್ನು ಗುರುತಿಸಿ, ಔಷಧ ಪಡೆಯುತ್ತಿದ್ದವರಲ್ಲೂ ಪಡೆಯದೆ ಉಳಿದವರಲ್ಲೂ ದಿನನಿತ್ಯದ ಕಾರ್ಯಹಾನಿ ವರ್ಷದಲ್ಲಿ ಹೇಗೆ ಬದಲಾಯಿತೆಂದು ಅಳೆದರು. ಔಷಧ ಪಡೆದವರಲ್ಲಿ ಅದು ತಗ್ಗಿತು, ಪಡೆಯದವರಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯಿತು. ಚೀಟಿಯಿಂದ ಹಂಚದ ಗುಂಪುಗಳಾದ್ದರಿಂದ ತೀರ್ಮಾನವನ್ನು ಎಚ್ಚರದಿಂದ ಓದಬೇಕು. ಆದರೂ ಹಳ್ಳಿಯ ನಿಜಜೀವನದಲ್ಲಿ ಚಿಕಿತ್ಸೆ ಏನು ಮಾಡಬಲ್ಲದು ಎಂಬುದಕ್ಕೆ ಇದು ಹತ್ತಿರದ ಸಾಕ್ಷ್ಯ.

ಪ್ರಸಿದ್ಧಿಯೇ ಪ್ರಮಾಣವಲ್ಲ

1973ರಲ್ಲಿ ಡೇವಿಡ್ ರೋಸೆನ್‌ಹಾನ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಇಲ್ಲಿರುವ ಮನೋವಿಜ್ಞಾನದ ವಿದ್ಯಾರ್ಥಿಗಳೆಲ್ಲ ಬಲ್ಲಿರಿ. ಎಂಟು ಮಂದಿ ಆರೋಗ್ಯವಂತರು ತಮಗೆ ಧ್ವನಿಗಳು ಕೇಳಿಸುತ್ತವೆ ಎಂದು ಹೇಳಿ 12 ಆಸ್ಪತ್ರೆಗಳಿಗೆ ಸೇರಿದರು, ಒಳಹೊಕ್ಕ ಮೇಲೆ ಸಹಜವಾಗಿ ನಡೆದುಕೊಂಡರೂ ರೋಗಿಗಳೆಂದೇ ಪರಿಗಣಿತರಾದರು, ಸರಾಸರಿ 19 ದಿನ ಒಳಗೆ ಉಳಿದರು ಎಂಬುದು ಅದರ ತಿರುಳು. ರೋಗದ ಹಣೆಪಟ್ಟಿ ಒಮ್ಮೆ ಅಂಟಿದರೆ ಸಹಜ ನಡೆಯೂ ಲಕ್ಷಣವಾಗಿ ಕಾಣುತ್ತದೆ ಎಂಬ ಅದರ ಎಚ್ಚರಿಕೆ ಇಂದಿಗೂ ಬೇಕಾದದ್ದೇ. ಆದರೆ 2019ರಲ್ಲಿ ಪತ್ರಕರ್ತೆ ಸುಸಾನಾ ಕಹಾಲನ್ ಮೂಲ ದಾಖಲೆಗಳನ್ನು ಶೋಧಿಸಿ ಬರೆದ ಪುಸ್ತಕ, ಆ ಅಧ್ಯಯನದ ವಿವರಗಳ ಬಗೆಗೇ ಗಂಭೀರ ಅನುಮಾನಗಳನ್ನು ಎತ್ತಿತು. ನಮಗೆ ಪ್ರಿಯವಾದ ತೀರ್ಮಾನವನ್ನು ಹೇಳುವ ಅಧ್ಯಯನವನ್ನೂ ನಾವು ಇತರ ಅಧ್ಯಯನಗಳಷ್ಟೇ ಕಟುವಾಗಿ ಪರೀಕ್ಷಿಸಬೇಕು. ಮತ್ತೊಬ್ಬರು ಮತ್ತೊಂದು ಕಡೆ ಮಾಡಿದಾಗಲೂ ಅದೇ ಫಲ ಬಂದರೆ ಮಾತ್ರ ಅದು ಜ್ಞಾನ.

ನಮ್ಮ ಮುಂದಿರುವ ಕೆಲಸ

ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗವನ್ನೂ ಪ್ರಯೋಗಾಲಯವನ್ನೂ ಕಟ್ಟಲು ತೊಡಗಿದ್ದು 1924ರಲ್ಲಿ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದದ್ದು 1954ರಲ್ಲಿ, ಅದು ನಿಮ್ಹಾನ್ಸ್ ಆದದ್ದು 1974ರಲ್ಲಿ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯಕೀಯದ ಗ್ರಂಥವೊಂದು ಕನ್ನಡದಲ್ಲಿ ಆ ಮನ್ನಣೆ ಪಡೆಯಿತೆಂದರೆ, ಈ ವಿಷಯವನ್ನು ಹೊರಲು ನಮ್ಮ ನುಡಿಗೆ ಶಕ್ತಿಯಿದೆ ಎಂದಾಯಿತು. ಇಂಥ ಪರಂಪರೆಯ ವಾರಸುದಾರರಾದ ನಮ್ಮ ಹೊಣೆ ಏನು?

ಮೊದಲನೆಯದಾಗಿ, ಸಾಧನಗಳು ಜನರ ಮಾತಿನಲ್ಲಿರಬೇಕು. ಕಲಬುರಗಿಯ ರೈತ, ಕುಂದಾಪುರದ ಮೀನುಗಾರ್ತಿ, ಚಾಮರಾಜನಗರದ ಸೋಲಿಗರ ಹಿರಿಯ, ಇವರೆಲ್ಲ ತಮ್ಮ ಸಂಕಟವನ್ನು ಒಂದೇ ಮಾತಿನಲ್ಲಿ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಕುಳಿತು ಮಾಡಿದ ಒಂದು ಭಾಷಾಂತರ ಎಲ್ಲರಿಗೂ ಒಗ್ಗದು. ಪ್ರಶ್ನಾವಳಿಯನ್ನು ಊರಿನಲ್ಲಿ ಕೂತು ತಿದ್ದಬೇಕು. ಎರಡನೆಯದಾಗಿ, ಹಾಸ್ಟೆಲಿನ ಗೆಳೆಯರನ್ನೇ ಮಾದರಿಯಾಗಿಟ್ಟುಕೊಂಡು ‘ಯುವಜನರಲ್ಲಿ ಖಿನ್ನತೆ’ ಎಂದು ಬರೆಯುವ ಅಭ್ಯಾಸ ನಿಲ್ಲಬೇಕು. ಕಾಲೇಜು ಮೆಟ್ಟಿಲು ಹತ್ತದ ಯುವಜನರೂ ಯುವಜನರೇ. ಮೂರನೆಯದಾಗಿ, ನಿರೀಕ್ಷಿಸಿದ ಫಲ ಬಾರದ ಅಧ್ಯಯನವನ್ನೂ ಪ್ರಕಟಿಸಬೇಕು. ಪ್ರಯೋಗ ಆರಂಭಿಸುವ ಮುನ್ನವೇ ನೋಂದಾಯಿಸುವ ವ್ಯವಸ್ಥೆ ಭಾರತದಲ್ಲಿ 2007ರಿಂದ ಇದೆ. ಅದನ್ನು ಬಳಸುವುದು ಸತ್ಯಕ್ಕೆ ಸಲ್ಲಿಸುವ ಕನಿಷ್ಠ ಗೌರವ.

ನಾಲ್ಕನೆಯದು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು: ಸಂಶೋಧನೆಗೆ ಒಳಗಾಗುವ ಜನರ ಬಗೆಗಿನ ಹೊಣೆ. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಒಂದು ಹಸುಗೂಸಿಗೆ ಭಯವನ್ನು ಕಲಿಸಿ, ಆ ಭಯವನ್ನು ಹೋಗಲಾಡಿಸದೆಯೇ ಪ್ರಯೋಗ ಮುಗಿಸಿದರು. ಇಂದು ಯಾವ ನೈತಿಕ ಸಮಿತಿಯೂ ಅದನ್ನು ಒಪ್ಪದು. ಸಮ್ಮತಿಪತ್ರಗಳು ಬಂದಿವೆ, ಸಹಿಗಳು ಬೀಳುತ್ತಿವೆ. ಆದರೆ ಸಹಿ ಹಾಕಿದವರಿಗೆ ಅಧ್ಯಯನದ ಫಲ ತಿಳಿಯುವುದೇ ಇಲ್ಲ. ಅದು ದೂರದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಮುಗಿಯುತ್ತದೆ. ಕಾಯಿಲೆಯನ್ನು ಅನುಭವಿಸಿದವರೂ ಅವರನ್ನು ನೋಡಿಕೊಂಡವರೂ ಪ್ರಶ್ನೆ ರೂಪಿಸುವ ಹಂತದಿಂದಲೇ ಸಂಶೋಧನೆಯಲ್ಲಿ ಇರಬೇಕು. ಮುಗಿದ ಮೇಲೆ ಫಲಿತಾಂಶ ಕನ್ನಡದಲ್ಲಿ ಆ ಊರಿಗೆ, ಆ ಮನೆಗೆ ಮರಳಬೇಕು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ನೇರ ಕೋರಿಕೆ. ನಿಮ್ಮ ಮುಂದಿನ ಪ್ರಬಂಧದ ಸಾರಾಂಶವನ್ನು ಎರಡು ಪುಟ ಕನ್ನಡದಲ್ಲಿ ಬರೆಯಿರಿ. ನೀವು ಪ್ರಶ್ನೆ ಕೇಳಿದ ಜನರನ್ನು ಗ್ರಾಮ ಪಂಚಾಯಿತಿಯ ಸಭಾಂಗಣದಲ್ಲೋ ಶಾಲೆಯ ಜಗಲಿಯಲ್ಲೋ ಸೇರಿಸಿ ಅದನ್ನು ಓದಿ ಹೇಳಿ. ಅವರು ‘ಇದು ಸರಿಯಿಲ್ಲ’ ಎಂದರೆ ಬರೆದುಕೊಳ್ಳಿ, ಏಕೆ ಸರಿಯಿಲ್ಲ ಎಂದು ಕೇಳಿ, ಆ ಉತ್ತರವನ್ನೂ ಪ್ರಬಂಧದಲ್ಲಿ ಸೇರಿಸಿ. ಮನಸ್ಸಿನ ಆರೋಗ್ಯ ಅನಾರೋಗ್ಯಗಳ ಗೆರೆಯನ್ನು ಎಳೆಯುವ ಕೆಲಸದಲ್ಲಿ ಆ ಗೆರೆಯ ಎರಡೂ ಬದಿಯ ಜನರಿಗೆ ಮಾತಿರುವ ದಿನವೇ ಈ ವಿಜ್ಞಾನ ನ್ಯಾಯವಾದ ವಿಜ್ಞಾನವಾಗುತ್ತದೆ. ಆ ಕೆಲಸಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ನೀವು ಇದೇ ವರ್ಷ ಶುರುಮಾಡಬಹುದು.